ಏಳು ಫ್ರೇಮಿಗೆ ಮೂರು ಸ್ವರ: ರೀಮಿಕ್ಸ್ ಲಾಗ್, ಮೂರನೇ ಕಂತು

ನನ್ನ ರೀಮಿಕ್ಸ್‌ನ ನಡೆಯಲ್ಲಿ ಕೇಳುತ್ತಿದ್ದ ಕುಂಟು ಎಲ್ಲಿತ್ತು ಅಂತ ಕೊನೆಗೂ ಗೊತ್ತಾಯಿತು. ಕಿಕ್‌ನಲ್ಲಿ (ದೊಡ್ಡ ಡ್ರಮ್ಮಿನ ಏಟು) ಅಲ್ಲ, ಕಿಕ್ ಬಂದಾಗ ಉಳಿದ ಸದ್ದು ತಗ್ಗಿಸುವ ಸೈಡ್‌ಚೈನ್‌ನಲ್ಲಿ ಅಲ್ಲ, ಬೇಸ್‌ನಲ್ಲಂತೂ ಅಲ್ಲವೇ ಅಲ್ಲ. ಭಾಗಾಕಾರದಲ್ಲಿತ್ತು. ಏಳನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಉಳಿದ ಒಂದೇ ಇಷ್ಟು ದಿನ ನನ್ನ ತಲೆ ತಿಂದಿದ್ದು.

ಹೊಸದಾಗಿ ಓದುತ್ತಿರುವವರಿಗೆ ಒಂದು ಸಾಲು: ಎಂಟು ಬಿಟ್ ಕಾಲದ ಓಡು-ಹಾರು ಆಟವೊಂದರ ಎರಡನೇ ಹಂತದ ಸಂಗೀತವನ್ನು ಹೌಸ್ ಅನ್ನುವ ನೃತ್ಯಸಂಗೀತದ ಶೈಲಿಗೆ ತರುವ ಕೆಲಸ ಇದು. ಟ್ರ್ಯಾಕರ್‌ಗೆ (ಸ್ವರಗಳನ್ನು ಸಾಲುಸಾಲಾಗಿ ಬರೆಯುವ ಸಂಗೀತ ತಂತ್ರಾಂಶ) ಸ್ವರ ಇಳಿಸಿದ್ದು, ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ತೆಗೆದದ್ದು, ಕಿಕ್ ಆರಿಸಿದ್ದು, ಇವೆಲ್ಲ ಎಲ್ಲರೂ ಮಾಡುವುದೇ. ಬಿಡಿ. ಮಿಕ್ಸ್ ಮುಗಿದಿದೆ. ಈಗ ನಡೆಯುತ್ತಿರುವುದು ತೂಗಿ ನೋಡುವ ಕೆಲಸ. ಮೂಲದ ಪಕ್ಕದಲ್ಲಿಟ್ಟರೆ ಇದು ನಿಲ್ಲುತ್ತದಾ ಇಲ್ವಾ?

ತೂಗುವ ಮೊದಲು ಸದ್ದಿನ ಮಟ್ಟ ಸಮ ಮಾಡಬೇಕು. ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ನನ್ನ ರೀಮಿಕ್ಸ್, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ದಾಟಿ ಬಂದು ಮೈನಸ್ 9 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರ ಕೂತಿತ್ತು, ಮೂಲದ ರೆಕಾರ್ಡಿಂಗ್ ಮೈನಸ್ 19ರ ಆಸುಪಾಸಿನಲ್ಲಿ. 10 ಡೆಸಿಬಲ್ ಅಂದರೆ ಕಿವಿಗೆ ಹೆಚ್ಚು ಕಡಿಮೆ ಎರಡರಷ್ಟು ಜೋರು. ಹಾಗೇ ಕೇಳಿಸಿದರೆ ಯಾವ ರೀಮಿಕ್ಸ್ ಆದರೂ ಗೆಲ್ಲುತ್ತದೆ, ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಹಳೇ ಚಾಳಿ. ರೀಮಿಕ್ಸನ್ನು ಮೂಲದ ಮಟ್ಟಕ್ಕೆ ಇಳಿಸಿ, ಯಾವುದು ಮೊದಲು ಬರುತ್ತದೆ ಅಂತ ನನಗೂ ಗೊತ್ತಾಗದ ಹಾಗೆ ಕಲೆಸಿ, ಈ ಆಟವನ್ನು ಒಮ್ಮೆಯೂ ಆಡದ ಗೆಳೆಯನನ್ನು ಕೂರಿಸಿದೆ. ಆಡಿದವರನ್ನು ಕೂರಿಸಿದರೆ ಬರುವ ತೀರ್ಪು ಸಂಗೀತದ್ದಲ್ಲ, ಅವರ ಬಾಲ್ಯದ್ದು.

ಹಾಡಿನ ಎ ಭಾಗಕ್ಕೆ ತಲೆದೂಗಿದ. ಬಿ ಭಾಗ ಬಂದಾಗ ಮುಖ ಸಿಂಡರಿಸಿ, "ಅದರಲ್ಲಿ ಓಡ್ತಾನೆ, ಇದರಲ್ಲಿ ಕುಂಟ್ತಾನೆ" ಅಂದ. ಯಾರು ಓಡುವುದು, ಯಾಕೆ ಓಡುವುದು ಅವನಿಗೆ ಗೊತ್ತೇ ಇಲ್ಲ! ಆದರೂ ಮಾತು ಸರಿಯಾಗಿತ್ತು. ಇದಕ್ಕಿಂತ ಉಪಯೋಗದ ವಿಮರ್ಶೆ ನನಗೆ ಈವರೆಗೆ ಬಂದಿಲ್ಲ.

ಬಿ ಭಾಗದಲ್ಲಿ ಇರುವುದು ಏನು? ತ್ರಿಕೋನ ಅಲೆಯ ಬೇಸ್, ನಾಯ್ಸ್ ಹ್ಯಾಟ್, ಒಂದು ಪಲ್ಸ್‌ನಲ್ಲಿ (ಆಯತಾಕಾರದ ಅಲೆಯ ಚಾನೆಲ್) ಹಾಡು, ಇನ್ನೊಂದು ಪಲ್ಸ್‌ನಲ್ಲಿ ಆರ್ಪೆಜಿಯೊ, ಅಂದರೆ ಸ್ವರಮೇಳದ ಸ್ವರಗಳನ್ನು ಒಂದಾದ ಮೇಲೊಂದು ನುಡಿಸುವುದು. ಒಂದೊಂದೇ ಮ್ಯೂಟ್ ಮಾಡುತ್ತಾ ಹೋದೆ. ಕಿಕ್ ತೆಗೆದರೂ ಕುಂಟು. ಬೇಸ್ ತೆಗೆದರೂ ಕುಂಟು. ಆರ್ಪೆಜಿಯೊ ತೆಗೆದೆ, ಕುಂಟು ಮಾಯ. ಜೊತೆಗೆ ಹಾಡಿನ ಜೀವವೂ ಮಾಯ.

ಈ ಆರ್ಪೆಜಿಯೊ ಯಾಕೆ ಬಂತು ಅಂತ ನಿಮಗೆ ಗೊತ್ತೇ ಇದೆ. ಆಟದ ಯಂತ್ರದ (ನಿಂಟೆಂಡೊ ಎನ್‌ಇಎಸ್) 2ಎ03 ಚಿಪ್ಪಿನಲ್ಲಿ ಇರುವುದು ಐದೇ ಚಾನೆಲ್: ಎರಡು ಪಲ್ಸ್, ಒಂದು ತ್ರಿಕೋನ, ಒಂದು ನಾಯ್ಸ್, ಒಂದು ಸ್ಯಾಂಪಲ್. ಹಾಡಿಗೊಂದು, ಬೇಸಿಗೊಂದು, ತಾಳಕ್ಕೊಂದು ಅಂತ ಹಂಚಿದ ಮೇಲೆ ಸ್ವರಮೇಳಕ್ಕೆ ಉಳಿಯುವುದು ಒಂದೇ ಪಲ್ಸ್. ಹಾಗಾಗಿ ಮೂರು ಸ್ವರವನ್ನು ಒಂದೇ ಚಾನೆಲ್‌ನಲ್ಲಿ, ಫ್ರೇಮಿಗೊಂದರಂತೆ (ಫ್ರೇಮ್ ಅಂದರೆ ಪರದೆಯ ಒಂದು ಚಿತ್ರ ಬರುವ ಹೊತ್ತು), ಗಿರಗಿರ ಓಡಿಸುತ್ತಾರೆ. ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಹಳೇ ಟಿವಿ ಪದ್ಧತಿ) ಯಂತ್ರದಲ್ಲಿ ಸೆಕೆಂಡಿಗೆ 60.0988 ಫ್ರೇಮ್, ಅಂದರೆ ಪ್ರತಿ ಸ್ವರಕ್ಕೆ 16.64 ಮಿಲಿಸೆಕೆಂಡ್. ಮೂಲದಲ್ಲಿ ಹದಿನಾರನೇ ಸ್ವರ (ನಾಲ್ಕು ಬೀಟ್‌ನ ಬಾರ್‌ನಲ್ಲಿ ಹದಿನಾರರಲ್ಲಿ ಒಂದು ಪಾಲು) ಒಂದಕ್ಕೆ 6 ಫ್ರೇಮ್. ಸಗಪ ಸಗಪ, ಎರಡು ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಸ್ವರ ಶುರು. ಚೊಕ್ಕ.

6 ಫ್ರೇಮ್ ಅಂದರೆ ಬಿಪಿಎಂ (ನಿಮಿಷಕ್ಕೆ ಬೀಟ್) 150.25. ಹೌಸ್‌ಗೆ ಅದು ಜಾಸ್ತಿಯಾಯಿತು, ನನಗೆ ಬೇಕಿದ್ದದ್ದು 128ರ ಹತ್ತಿರ. ಫ್ರೇಮಿನ ಲೆಕ್ಕ ತಪ್ಪದ ಹಾಗೆ ಹದಿನಾರನೇ ಸ್ವರಕ್ಕೆ 7 ಫ್ರೇಮ್ ಕೊಟ್ಟರೆ ಬರುವುದು 128.783. ಡಿಎಡಬ್ಲ್ಯುನಲ್ಲೂ (ಹಾಡು ಜೋಡಿಸುವ ತಂತ್ರಾಂಶ) ಅದೇ ಸಂಖ್ಯೆ ಹಾಕಿದೆ, ಯಾಕೆಂದರೆ ಸುಮ್ನೆ 128 ಅಂತ ಬಿಟ್ಟರೆ ಪ್ರತಿ ಒಂದೂವರೆ ಬಾರ್‌ಗೆ ಒಂದು ಫ್ರೇಮ್‌ನಷ್ಟು ಜಾರುತ್ತಾ ಹೋಗುತ್ತದೆ. ಇಷ್ಟಾದರೆ ಸಾಕಲ್ವಾ? ಗ್ರಿಡ್ ಮೇಲೆ ಎಲ್ಲವೂ ಸರಿಯಾಗಿ ಕೂತಿದೆ. ಜೂಮ್ ಮಾಡಿ ನೋಡಿದರೂ ಕೂದಲೆಳೆ ಆಚೀಚೆ ಇಲ್ಲ.

ಸ್ವರ ಗ್ರಿಡ್ ಮೇಲಿತ್ತು, ಆರ್ಪೆಜಿಯೊದ ಸುತ್ತು ಇರಲಿಲ್ಲ. ಏಳು ಹೆಜ್ಜೆಯಲ್ಲಿ ಸಗಪ ಎರಡು ಸುತ್ತು ಮುಗಿದು ಇನ್ನೊಂದು ಹೆಜ್ಜೆ ಉಳಿಯುತ್ತದೆ. ಸುತ್ತನ್ನು ತನ್ನ ಪಾಡಿಗೆ ಓಡಲು ಬಿಟ್ಟರೆ ಮೊದಲನೇ ಹದಿನಾರು ಸ ಇಂದ ಶುರು, ಎರಡನೆಯದು ಗ ಇಂದ, ಮೂರನೆಯದು ಪ ಇಂದ, ನಾಲ್ಕನೆಯದು ಮತ್ತೆ ಸ. ನಾಲ್ಕರ ತಾಳದ ಮೇಲೆ ಯಾರೂ ಕೇಳದ ಒಂದು ಮೂರರ ತಾಳ ಹತ್ತಿ ಕೂತಿದೆ! ಬಾರ್‌ಗೆ ಹದಿನಾರು ಸ್ವರ, ಅದನ್ನೂ ಮೂರು ಭಾಗಿಸುವುದಿಲ್ಲ, ಹಾಗಾಗಿ ಎರಡನೇ ಬಾರ್ ಗ ಇಂದ ಶುರುವಾಗುತ್ತದೆ, ಮೂರನೆಯದು ಪ ಇಂದ. ಎಂಟು ಬಾರ್‌ನ ಒಂದು ಸಾಲು ಎರಡನೇ ಸಲ ಬಂದಾಗ ಮೊದಲಿನಂತೆ ಕೇಳುವುದೇ ಇಲ್ಲ. ನೋಡುವ ಕಣ್ಣಿಗೆ ಏನೂ ಕಾಣದು, ಕೇಳುವ ಕಿವಿಗೆ ಮಾತ್ರ ಎಡವಟ್ಟು.

ಪ್ರತಿ ಸ್ವರಕ್ಕೂ ಸುತ್ತನ್ನು ಮೊದಲಿನಿಂದ ಶುರು ಮಾಡಿಸಿದರೆ? ಮಾಡಿದೆ. ಆಗ ಸಗಪಸಗಪಸ, ಅದರ ಹಿಂದೆಯೇ ಮತ್ತೆ ಸಗಪ. ಗಡಿಯಲ್ಲಿ ಎರಡು ಸ ಅಂಟಿಕೊಂಡು ಒಂದೇ ಉದ್ದ ಸ್ವರವಾಗುತ್ತವೆ, 33 ಮಿಲಿಸೆಕೆಂಡ್. ಇದು ಸೆಕೆಂಡಿಗೆ ಎಂಟೂವರೆ ಸಲ ನಡೆಯುತ್ತದೆ. ಕುಂಟು ಹೋಗಿ ನಡುಕ ಬಂತು.

ಇನ್ನೊಂದು ದಾರಿ, ಫ್ರೇಮನ್ನೇ ಮರೆತು ಬೀಟ್‌ಗೆ ಕಟ್ಟುವುದು: 128ರಲ್ಲಿ ಹದಿನಾರನೇ ಸ್ವರಕ್ಕೆ ಆರು ಹೆಜ್ಜೆ. ಸಾಫ್ಟ್‌ವೇರ್ ಸಿಂಥ್‌ನಲ್ಲಿ ಎರಡು ಕ್ಲಿಕ್‌ನ ಕೆಲಸ. ಲೆಕ್ಕ ಸರಿ, ಎಡವುವುದೂ ಇಲ್ಲ. ಆದರೆ ಹೆಜ್ಜೆಯ ವೇಗ ಸೆಕೆಂಡಿಗೆ 60ರಿಂದ 51.2ಕ್ಕೆ ಇಳಿಯಿತು. ಅದು ಪಾಲ್ ಟಿವಿ ಪದ್ಧತಿಯ ಯಂತ್ರಗಳ 50ರ ಪಕ್ಕದ ಮನೆ. ಯುರೋಪಿನಲ್ಲಿ ಆ ಯಂತ್ರಗಳ ಮೇಲೆ ಬೆಳೆದವರಿಗೆ ಇದೇ ಅಸಲಿ ಅನ್ನಿಸಬಹುದು, ಅವರ ಜೊತೆ ನನಗೆ ಜಗಳವಿಲ್ಲ. ಈ ಹಾಡಿಗೆ ಮಾತ್ರ ಸರಿಹೋಗಲಿಲ್ಲ. 60ರಲ್ಲಿ ಮೂರು ಸ್ವರ ಕೂಡಿ ಒಂದು ಗುಂಯ್ ಆಗುತ್ತದೆ, 51ರಲ್ಲಿ ಆ ಗುಂಯ್ ಬಿಡಿಸಿಕೊಂಡು ಬೇರೆ ಬೇರೆ ಸ್ವರ ಎಣಿಸುವ ಹಾಗೆ ಕೇಳುತ್ತದೆ. ವ್ಯತ್ಯಾಸ ಇರುವುದು ಮೂರೇ ಮಿಲಿಸೆಕೆಂಡ್. ನಂಬಿಕೆ ಬರದಿದ್ದರೆ ಟ್ರ್ಯಾಕರ್‌ನಲ್ಲಿ ಎಂಜಿನ್ ವೇಗ ಬದಲಿಸಿ ಕೇಳಿ.

ಪರಿಹಾರ ಬಂದದ್ದು ಬಾಯಿಲೆಕ್ಕದಿಂದ. ಏಳು ಅಂದ ತಕ್ಷಣ ಬಾಯಿಗೆ ಬರುವುದು ತಕಿಟ ತಕಧಿಮಿ. ಮೂರು, ನಾಲ್ಕು. ಮಿಶ್ರ. ಹಾಗಾದರೆ ಸುತ್ತನ್ನೇ ಏಳರದ್ದು ಮಾಡಿದರೆ? ಸಗಪ, ಸಗಪಸ. ಕೊನೆಯ ಸ ಮೇಲಿನ ಸ್ಥಾಯಿಯದು. ಗಡಿಯಲ್ಲಿ ಮೇಲಿನ ಸ ಇಂದ ಕೆಳಗಿನ ಸ ಗೆ ಇಳಿಯುತ್ತದೆ, ಒಂದೇ ಸ್ವರ ಎರಡು ಸಲ ಅಂಟಿಕೊಳ್ಳುವುದಿಲ್ಲ, ಪ್ರತಿ ಹದಿನಾರೂ ಕೆಳಗಿನ ಸ ಇಂದಲೇ ಶುರು. ಟ್ರ್ಯಾಕರ್‌ನ ಆರ್ಪೆಜಿಯೊ ಮ್ಯಾಕ್ರೊದಲ್ಲಿ (ಕೆಳಗಿನ ಸ ಇಂದ ಎಷ್ಟು ಅರ್ಧಸ್ವರ ಮೇಲೆ ಅನ್ನುವ ಪಟ್ಟಿ) 0 4 7 0 4 7 12, ಲೂಪ್ ಮೊದಲಿಗೆ, ಸ್ಪೀಡ್ 7, ಟೆಂಪೊ 150. ಮಾಮೂಲಿ ಆರ್ಪೆಜಿಯೊ ಎಫೆಕ್ಟ್‌ನಲ್ಲಿ ಇದು ಆಗದು, ಅದು ಮೂರೇ ಸ್ವರದ ಸುತ್ತು. ಮ್ಯಾಕ್ರೊವೇ ಬೇಕು.

ಗೆಳೆಯನನ್ನು ಮತ್ತೆ ಕೂರಿಸಿದೆ. "ಈಗ ಓಡ್ತಾನೆ. ಸ್ವಲ್ಪ ಕುಣೀತಾನೆ ಕೂಡ." ಆ ಕುಣಿತ ಮೇಲಿನ ಸ ದ್ದು, ಪ್ರತಿ ಹದಿನಾರರ ಕೊನೆಯಲ್ಲಿ ಒಂದು ಸಣ್ಣ ಮಿಂಚು. ಮೂಲದಲ್ಲಿ ಇದು ಇಲ್ಲ. ಇರಬೇಕಾ ಬೇಡವಾ ಅಂತ ಶುದ್ಧವಾದಿಗಳು ಕೇಳಬಹುದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಅಂದರೆ ರೀಮಿಕ್ಸ್ ಯಾಕೆ, ಮೂಲವನ್ನೇ ಕೇಳಿ. ನಾನು ನೋಡುವುದು ಇಷ್ಟೇ, ಸೇರಿಸಿದ್ದು ಆ ಯಂತ್ರ ಹಾಡಬಲ್ಲದ್ದಾ? ಈ ಏಳರ ಸುತ್ತನ್ನು ಆ ಚಿಪ್ ಯಾವ ತಕರಾರೂ ಇಲ್ಲದೆ ಹಾಡುತ್ತದೆ.

ಚಿಪ್ ಅಂದ ಕೂಡಲೇ ಇನ್ನೊಂದು ವಿಷಯ. ಪಲ್ಸ್‌ನ ಟೈಮರ್ (ಸ್ವರದ ಎತ್ತರ ಹೇಳುವ ಸಂಖ್ಯೆ, ದೊಡ್ಡದಾದಷ್ಟೂ ಸ್ವರ ತಗ್ಗು) 11 ಬಿಟ್, ಎರಡು ರಿಜಿಸ್ಟರ್‌ನಲ್ಲಿ (ಚಿಪ್ಪಿನೊಳಗೆ ಸಂಖ್ಯೆ ಬರೆಯುವ ಜಾಗ) ಹಂಚಿಹೋಗಿದೆ. ಮೇಲಿನ ಮೂರು ಬಿಟ್ ಇರುವ ರಿಜಿಸ್ಟರ್‌ಗೆ ಬರೆದರೆ ಅಲೆ ಮೊದಲಿನಿಂದ ಶುರುವಾಗುತ್ತದೆ, ಟಿಕ್ ಅಂತ ಸದ್ದು. ಟೈಮರ್ 256 ದಾಟುವ ಗಡಿ ಬೀಳುವುದು ಸುಮಾರು 435 ಹರ್ಟ್ಸ್ ಹತ್ತಿರ, ಅಂದರೆ 440ರ ಎ ಸ್ವರಕ್ಕಿಂತ ಸ್ವಲ್ಪ ಕೆಳಗೆ. ನನ್ನ ಬಿ ಭಾಗ ಎಫ್ ಮೇಜರ್: ಎಫ್ 349, ಎ 440, ಸಿ 523. ಎಫ್ ಗಡಿಯ ಈಚೆ, ಎ, ಸಿ ಮತ್ತು ಮೇಲಿನ ಎಫ್ ಆಚೆ. ಹಾಗಾಗಿ ಏಳರ ಪ್ರತಿ ಸುತ್ತಿಗೆ ನಾಲ್ಕು ಟಿಕ್, ಸೆಕೆಂಡಿಗೆ ಸುಮಾರು ಮೂವತ್ತನಾಲ್ಕು. ಅದೇ ಎ ಮೈನರ್ ಇದ್ದರೆ ಮೂರೂ ಸ್ವರ ಒಂದೇ ಕಡೆ, ಟಿಕ್ ಇಲ್ಲವೇ ಇಲ್ಲ. ಅಸಲಿ ಯಂತ್ರದಲ್ಲಿ ಕೆಲವು ಸ್ವರಮೇಳಗಳು ಒರಟಾಗಿಯೂ ಕೆಲವು ನುಣುಪಾಗಿಯೂ ಕೇಳುವುದಕ್ಕೆ ಇದೂ ಒಂದು ಕಾರಣ. ಟಿಕ್ ಇರುವ, ಇಲ್ಲದ ಎರಡು ಪ್ರತಿ ಮಾಡಿ ಎಬಿಎಕ್ಸ್‌ಗೆ (ಕೇಳಿದ್ದು ಎರಡರಲ್ಲಿ ಯಾವುದು ಅಂತ ಹೆಸರು ನೋಡದೆ ಗುರುತಿಸುವ ಪರೀಕ್ಷೆ) ಹಾಕಿದೆ. 16ಕ್ಕೆ 12 ಸರಿ ಬಂದರೆ ಅದೃಷ್ಟ ಅನ್ನುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಅದೇ ನನ್ನ ಗೆರೆ. ಆರ್ಪೆಜಿಯೊ ಒಂದನ್ನೇ ಕೇಳಿದಾಗ ಆರಾಮಾಗಿ ದಾಟಿದೆ. ಕಿಕ್, ಹ್ಯಾಟ್ ಎಲ್ಲ ಸೇರಿದ ಮೇಲೆ ಗೆರೆಯ ಹತ್ತಿರವೂ ಸುಳಿಯಲಿಲ್ಲ. ಟಿಕ್ ಉಳಿಸಿಕೊಂಡಿದ್ದೇನೆ. ಕೇಳಿಸದಿದ್ದರೂ ಸರಿ, ಇದೆ ಅಂತ ನನಗೆ ಗೊತ್ತು.

ಈಗ ಸ್ವಲ್ಪ ಹೊಟ್ಟೆಯುರಿ. ಬೇಸ್‌ಗೆ ಅಂತ ಒಂದು ಸ್ಯಾಂಪಲ್ ಪ್ಯಾಕ್ ಕೊಂಡಿದ್ದೆ, "ಅಸಲಿ ಯಂತ್ರದಿಂದಲೇ ರೆಕಾರ್ಡ್ ಮಾಡಿದ್ದು" ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ಸ್ಪೆಕ್ಟ್ರಮ್ ತೆಗೆದು ನೋಡಿದರೆ 16 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದ ಹಾಗೆ ಕತ್ತರಿಸಿದೆ. ಎಂಪಿ3ಯನ್ನು ವೇವ್ ಮಾಡಿ ಮಾರಿದ್ದಾರೆ ಪುಣ್ಯಾತ್ಮರು. ಅದಾದರೂ ಹೋಗಲಿ, ತ್ರಿಕೋನ ಅಲೆ ನುಣ್ಣಗಿದೆ! 2ಎ03ರ ತ್ರಿಕೋನ ಅಂದರೆ 32 ಮೆಟ್ಟಿಲು, 4 ಬಿಟ್. ಆ ಮೆಟ್ಟಿಲಿನಿಂದಲೇ ಮೂಲ ಸ್ವರದ 31 ಮತ್ತು 33ರಷ್ಟು ಮೇಲೆ ಝೇಂಕಾರ ಬರುವುದು. 110 ಹರ್ಟ್ಸ್ ಬೇಸ್ ಆದರೆ 3410 ಮತ್ತು 3630ರಲ್ಲಿ. ಸಣ್ಣ ಸ್ಪೀಕರ್‌ನಲ್ಲೂ ಆ ಬೇಸ್ ಕಿವಿಗೆ ಸಿಗುವುದಕ್ಕೆ ಈ ಝೇಂಕಾರ ದೊಡ್ಡ ಸಹಾಯ. ಈ ಪ್ಯಾಕ್‌ನಲ್ಲಿ ಮೆಟ್ಟಿಲೂ ಇಲ್ಲ, ಝೇಂಕಾರವೂ ಇಲ್ಲ. ದುಡ್ಡು ವಾಪಸ್ ಕೇಳಿದರೆ "ಡಿಜಿಟಲ್ ಸರಕಿಗೆ ವಾಪಸಾತಿ ಇಲ್ಲ" ಅಂತ ಉತ್ತರ. ನೀವೂ ಬೇಸ್ ಮೇಲೆ ಲೋ-ಪಾಸ್ (ಮೇಲಿನ ಸದ್ದು ಸೋಸಿ ತೆಗೆಯುವ ಫಿಲ್ಟರ್) ಹಾಕುವ ಮುನ್ನ ಒಮ್ಮೆ ಯೋಚಿಸಿ, ಝೇಂಕಾರ ಹೋದರೆ ಉಳಿಯುವುದು ಬರೀ ಗುಡುಗು.

ಮುಂದಿನ ಪ್ರಾಜೆಕ್ಟ್ ಆಗಲೇ ತಲೆಯಲ್ಲಿ ಕುಣಿಯುತ್ತಿದೆ, ಇದು ಮುಗಿಯುವವರೆಗೆ ಕಾಯುವ ತಾಳ್ಮೆ ಅದಕ್ಕಿಲ್ಲ. ಕಮಡೋರ್ 64, ಎಂಟು ಬಿಟ್ ಕಾಲದ ಮನೆ ಕಂಪ್ಯೂಟರ್. ಪಾಲ್ ಯಂತ್ರದಲ್ಲಿ ಸೆಕೆಂಡಿಗೆ 50.125 ಫ್ರೇಮ್. ಅದೇ 6 ಫ್ರೇಮ್‌ನ ಲೆಕ್ಕ ಹಾಕಿ ನೋಡಿ, 125.3 ಬಿಪಿಎಂ. ಹೌಸ್‌ನ ವೇಗ ಅದಾಗಿಯೇ ಬಂತು! ಮೂರು ಸ್ವರದ ಆರ್ಪೆಜಿಯೊ ಎರಡು ಸುತ್ತು, ಉಳಿಕೆ ಸೊನ್ನೆ. ಈ ಲಾಗ್‌ನ ಅರ್ಧ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ತೊಂದರೆ ಅಂದರೆ ಅದರ ಸದ್ದಿನ ಚಿಪ್ಪಾದ ಸಿಡ್ ಸಿಗುವುದು. ಒಬ್ಬ ಮಾರಾಟಗಾರನಿಂದ 6581 (ಸಿಡ್‌ನ ಒಂದು ಮಾದರಿ) ತರಿಸಿದೆ, ಫಳಫಳ ಹೊಳೆಯುತ್ತಿತ್ತು. ಮೂವತ್ತು ವರ್ಷಕ್ಕಿಂತ ಹಳೆಯ ಚಿಪ್ ಅಷ್ಟು ಹೊಳೆದರೆ ಅನುಮಾನ ಬರಬೇಕು. ಅಸಿಟೋನ್ ಹಚ್ಚಿ ಉಜ್ಜಿದೆ, ಮೇಲಿನ ಅಕ್ಷರವೆಲ್ಲ ಹತ್ತಿಗೆ ಬಂತು, ಕೆಳಗೆ ಬೇರೆ ಯಾವುದೋ ಚಿಪ್ಪಿನ ನಂಬರ್. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಡುವುದಕ್ಕೆ ಕೂಡ ಭಾರ ಸಾಲದ ವಸ್ತು.

ಅದಕ್ಕೂ ಮೊದಲು ವಿಆರ್‌ಸಿ6 (2ಎ03ಗೆ ಜೊತೆಯಾಗುವ ಹೆಚ್ಚುವರಿ ಚಿಪ್) ಮಾಡೋಣವಾ ಅನ್ನುವ ಆಸೆಯೂ ಇದೆ. ಕಾರ್ಟ್ರಿಜ್‌ನೊಳಗೇ ಇನ್ನೆರಡು ಪಲ್ಸ್, ಒಂದು ಗರಗಸ ಅಲೆ. ಪಲ್ಸ್ ನಾಲ್ಕಾದರೆ ಸ್ವರಮೇಳವನ್ನು ನೇರವಾಗಿ ನುಡಿಸಬಹುದು, ಆರ್ಪೆಜಿಯೊದ ಹಂಗೇ ಇಲ್ಲ. ಆದರೆ ಹಾಗೆ ಮಾಡಿದರೆ ಮಜಾ ಎಲ್ಲಿ?

ಸರಿ, ಬಾಕಿ ಇರುವುದು ಒಂದು. ಬಿ ಭಾಗ ಮುಗಿದು ಎ ಗೆ ಮರಳುವ ಜಾಗದಲ್ಲಿ ಒಂದು ಬೀಟ್‌ನ ತಿಶ್ರ ಫಿಲ್ ಇದೆ, ಮೂರು ಏಟು. ಮೂಲದಲ್ಲಿ ಬೀಟ್‌ಗೆ 24 ಫ್ರೇಮ್, ಏಟಿಗೆ 8. ನನ್ನದರಲ್ಲಿ 28, ಏಟಿಗೆ ಒಂಬತ್ತೂ ಮೂರನೇ ಒಂದು ಭಾಗ. ಮತ್ತೆ ಅದೇ ಉಳಿಕೆ ಒಂದು! 9-9-10 ಕೊಟ್ಟರೆ ಕೊನೆಯ ಏಟು ಎಳೆದ ಹಾಗೆ ಕೇಳುತ್ತದೆ, ಎ ಭಾಗ ತಡವಾಗಿ ಬಂದ ಅನುಭವ, ಬಂದಿರುವುದು ಸರಿಯಾದ ಹೊತ್ತಿಗೇ ಆದರೂ. 10-9-9 ಪರವಾಗಿಲ್ಲ, ಮೊದಲ ಏಟಿಗೆ ಒರಗಿ ಮುಂದಕ್ಕೆ ಹೋಗುವ ಡ್ರಮ್ಮರ್‌ನ ಗತ್ತು ಬರುತ್ತದೆ. ಸದ್ಯ ಅದನ್ನೇ ಇಟ್ಟಿದ್ದೇನೆ. 9-10-9 ಇನ್ನೂ ರೆಂಡರ್ ಆಗುತ್ತಿದೆ. ಯಾರಾದರೂ ಏಳು ಫ್ರೇಮ್‌ನಲ್ಲಿ ತಿಶ್ರ ಕೂರಿಸಿದ್ದರೆ ಯಾವುದನ್ನು ಇಟ್ಟುಕೊಂಡಿರಿ ಹೇಳಿ.