ಎಫ್12 ಒತ್ತದೆ ಕಳೆದ ಒಂದೂವರೆ ಗಂಟೆ

ಆವತ್ತು 20ನೇ ತಾರೀಖು, ಜಿಎಸ್‌ಟಿಯ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೇ ದಿನ. ತುಮಕೂರಿನ ನಮ್ಮ ಸರ್ವಿಸ್ ಕೌಂಟರ್‌ಗೆ ಶಿರಾ ಗೇಟ್ ಕಡೆಯ ಪೇಂಟ್ ಅಂಗಡಿಯವರೊಬ್ಬರು ಲ್ಯಾಪ್‌ಟಾಪ್ ಹಿಡಿದು ಓಡಿ ಬಂದರು. ಅದೇ ಲ್ಯಾಪ್‌ಟಾಪ್‌ನಲ್ಲಿ ಅವರ ಮಗ ವಿಂಡೋಸ್ ಜೊತೆಗೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿಕೊಂಡಿದ್ದ. ಹಿಂದಿನ ರಾತ್ರಿ ಅದನ್ನು 12ನೇ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ್ದಾನೆ. ಬೆಳಿಗ್ಗೆ ಆನ್ ಮಾಡಿದರೆ, ಯಾವ ಆಪರೇಟಿಂಗ್ ಸಿಸ್ಟಮ್ (ಓಎಸ್) ಬೇಕು ಅಂತ ಕೇಳೋ ಗ್ರಬ್ ಮೆನುವಿನಲ್ಲಿ ವಿಂಡೋಸ್ ಅನ್ನೋ ಸಾಲೇ ಇಲ್ಲ. ಲೆಕ್ಕ ಬರೆಯೋ ಟ್ಯಾಲಿ ಇರೋದು ವಿಂಡೋಸ್‌ನಲ್ಲಿ. ಬ್ಯಾಕಪ್ ಇಲ್ಲ.

ವಿಂಡೋಸನ್ನು ಶುರು ಮಾಡೋ ಬೂಟ್‌ಲೋಡರ್ ಕೆಟ್ಟಿದೆ ಅಂತ ನಾನು ನೋಡದೆಯೇ ತೀರ್ಮಾನಿಸಿದೆ. ಪೆನ್‌ಡ್ರೈವ್ ಹಾಕಿ ಸ್ಟಾರ್ಟ್‌ಅಪ್ ರಿಪೇರ್ ಓಡಿಸಿದೆ, ಆಗಲಿಲ್ಲ. ಅದನ್ನು ಸರಿಮಾಡೋ ಬೂಟ್‌ರೆಕ್ /ಫಿಕ್ಸ್‌ಬೂಟ್ ಕಮಾಂಡ್ ಕೊಟ್ಟರೆ 'ಆ್ಯಕ್ಸೆಸ್ ಈಸ್ ಡಿನೈಡ್'. ಮತ್ತೆ ಕೊಟ್ಟೆ. ಮತ್ತೆ ಅದೇ. ಹಿಂದಿನಿಂದ ನಮ್ಮ ಓನರ್, 'ಇನ್ನೂ ಎಷ್ಟೊತ್ತು? ಫಾರ್ಮ್ಯಾಟ್ ಮಾಡಿ ಕಳಿಸು' ಅಂದರು. ನಮ್ಮಲ್ಲಿ ಎಲ್ಲದಕ್ಕೂ ಅದೊಂದೇ ಮದ್ದು. ನಾನೂ ಪೇಂಟ್ ಅಂಗಡಿಯವರಿಗೆ ಬಾಯಿಬಿಟ್ಟು, 'ಸರ್, ವಿಂಡೋಸ್ ಹೋಗಿರಬೇಕು' ಅಂದುಬಿಟ್ಟೆ. ಅವರು ಏನೂ ಮಾತಾಡಲಿಲ್ಲ. ಕೌಂಟರ್ ಮೇಲಿದ್ದ ಬಿಲ್‌ಗಳ ಕಟ್ಟನ್ನು ಸುಮ್ನೆ ನೇರ ಮಾಡುತ್ತಾ ನಿಂತರು. ಆ ಕೈಗಳು ಈಗಲೂ ಕಣ್ಣ ಮುಂದಿವೆ.

ಫಾರ್ಮ್ಯಾಟ್‌ಗೆ ಮೊದಲು ಡೇಟಾ ಆದರೂ ಉಳಿಸೋಣ ಅಂತ ಡೆಬಿಯನ್‌ಗೆ ಹೋಗಿ ಪಾರ್ಟಿಷನ್ ನೋಡಿದೆ. ವಿಂಡೋಸ್ ಇರೋ ಎನ್‌ಟಿಎಫ್‌ಎಸ್ ಪಾರ್ಟಿಷನ್ ಪೂರ್ತಿ ಇತ್ತು. ಬೂಟ್‌ಲೋಡರ್‌ಗಳು ಕೂತಿರೋ ಇಎಫ್‌ಐ ಪಾರ್ಟಿಷನ್‌ನಲ್ಲಿ ಮೈಕ್ರೋಸಾಫ್ಟ್ ಫೋಲ್ಡರೂ ಇತ್ತು. ಎದೆ ಧಸಕ್ಕೆಂದಿತು. ರೀಸ್ಟಾರ್ಟ್ ಮಾಡಿ, ಲ್ಯಾಪ್‌ಟಾಪ್‌ನದೇ ಬೂಟ್ ಪಟ್ಟಿ ತೋರಿಸೋ ಎಫ್12 ಒತ್ತಿದೆ. 'ವಿಂಡೋಸ್ ಬೂಟ್ ಮ್ಯಾನೇಜರ್' ಪಟ್ಟಿಯಲ್ಲೇ ಕೂತಿತ್ತು. ಎಂಟರ್ ಒತ್ತಿದೆ, ವಿಂಡೋಸ್ ಬಂತು. ಅಷ್ಟೇ.

ಏನೂ ಕೆಟ್ಟೇ ಇರಲಿಲ್ಲ. ಬೇರೆ ಓಎಸ್‌ಗಳನ್ನು ಹುಡುಕಿ ಗ್ರಬ್ ಮೆನುವಿಗೆ ಸೇರಿಸೋದು ಓಎಸ್-ಪ್ರೋಬರ್ ಅನ್ನೋ ಪ್ರೋಗ್ರಾಂ. ಗ್ರಬ್ 2.06ರಿಂದ ಅದು ತಾನಾಗಿ ಓಡಲ್ಲ. ಬೇರೆ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ (ತೆರೆದು) ನೋಡೋದು ಸೆಕ್ಯೂರಿಟಿಗೆ ಒಳ್ಳೇದಲ್ಲ ಅಂತ ನಿಲ್ಲಿಸಿದ್ದಾರೆ. ಡೆಬಿಯನ್ 12ರ ರಿಲೀಸ್ ನೋಟ್ಸ್‌ನಲ್ಲೇ ಇದೆ, ನಾನು ಓದಿರಲಿಲ್ಲ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್‌ನಲ್ಲಿ 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್' ಸೇರಿಸಿ ಮೆನುವನ್ನು ಹೊಸದಾಗಿ ಬರೆಯೋ ಅಪ್‌ಡೇಟ್-ಗ್ರಬ್ ಕಮಾಂಡ್ ಕೊಟ್ಟೆ. 'ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್' ಅಂತ ಬಂತು. ಎರಡು ನಿಮಿಷದ ಕೆಲಸ.

ಪೇಂಟ್ ಅಂಗಡಿಯವರು ಟ್ಯಾಲಿ ತೆರೆದು, ಹಿಂದಿನ ದಿನದ ಕೊನೇ ವೋಚರ್ ಮೇಲೆ ಬೆರಳಿಟ್ಟು, 'ಇದೆ' ಅಂದರು. ನಾನು ಕ್ಷಮೆ ಕೇಳಿದೆ. ಅವರು ಆಗಲೇ ಚಾರ್ಜರ್ ಸುತ್ತುತ್ತಿದ್ದರು.