ಜಗಲಿಯ ಕುರ್ಚಿ ಬಿಟ್ಟು ಒಳಗೆ

22 ಜುಲೈ 2024, ಸೋಮವಾರ

ಬಿಳಿ ನಿಲುವಂಗಿಯ ಅಂಚಿಗೆ ಹತ್ತಿದ ಕೆಂಪು ಮಣ್ಣನ್ನು ಎರಡು ಸಲ ಉಜ್ಜಿದೆ, ಹೋಗಲಿಲ್ಲ. ಬಕೆಟಿನಲ್ಲಿ ನೆನೆಹಾಕಿ ಬಂದು ಕೂತಿದ್ದೇನೆ. ಹೊರಗೆ ಆಟಿ ತಿಂಗಳ ಮಳೆ.

ಬೆಳಿಗ್ಗೆ ಐದಕ್ಕೆ ಫೋನ್ ಬಂತು. ನಾನು ಪಾಸ್ಟರ್ ಆಗಿರುವ ಚರ್ಚಿನ ಅಜ್ಜಿಯೊಬ್ಬರು ತೀರಿಕೊಂಡಿದ್ದರು. ನಾನು ಹೋದಾಗ ಗಂಡಸರು ಜಗಲಿಯಲ್ಲಿ ಕುರ್ಚಿ ಹಾಕುತ್ತಿದ್ದರು. ನನಗೂ ಒಂದು ಇಟ್ಟರು. ಪಾಸ್ಟರ್ ಕೂರುವ ಜಾಗ ಅದೇ ಅಲ್ವಾ? ಅಷ್ಟರಲ್ಲಿ ಅಜ್ಜಿಯ ಮಗಳು ಬಾಗಿಲಿಗೆ ಬಂದು, "ಅಮ್ಮಾ, ಮೈ ತೊಳೆಯಲಿಕ್ಕೆ ನಾವು ಇಬ್ಬರೇ ಇರುವುದು. ನೀವು ಸ್ವಲ್ಪ ಬರ್ತೀರಾ?" ಎಂದರು.

ಹೋದೆ. ಬಿಸಿನೀರು, ಸೋಪು, ಹಳೆಯ ಬೈರಾಸು. ಅಜ್ಜಿಯ ಬೆನ್ನಿನ ಹುಣ್ಣುಗಳನ್ನು ಮಗಳು ಎಷ್ಟು ಜೋಪಾನವಾಗಿ ಒರೆಸಿದರು ಎಂದರೆ, ಇನ್ನೂ ನೋವಾಗುತ್ತದೇನೋ ಎಂಬ ಹಾಗೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುವಾಗ ಮಾತು ಹೊರಗೆ ಬಂತು. "ಮೊನ್ನೆ ರಾತ್ರಿ ಜೋರಾಗಿ ಗದರಿಸಿಬಿಟ್ಟೆ. ನಿದ್ದೆಯೇ ಇರಲಿಲ್ಲ ನನಗೆ." ನಾನು ಬೈಬಲ್ ವಚನ ಹೇಳಲಿಲ್ಲ. ಅಜ್ಜಿಯ ಕೂದಲು ಬಾಚುತ್ತಾ ಕೇಳಿಸಿಕೊಂಡೆ. ಜಗಲಿಯಲ್ಲೇ ಕೂತಿದ್ದರೆ ಆ ಮಾತು ನನ್ನ ತನಕ ಬರುತ್ತಿರಲಿಲ್ಲ.

ನನ್ನ ಅಜ್ಜಿ ಬೈಬಲ್ ವುಮನ್ ಆಗಿದ್ದರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದಲೂ ನಮ್ಮ ಕಡೆ ಇದ್ದ ಸೇವೆ ಅದು. ಮನೆ ಮನೆಗೆ ನಡೆದು ಹೋಗಿ ಹೆಂಗಸರಿಗೆ ಸತ್ಯವೇದ ಓದುವುದು, ಬಾಣಂತಿಯರನ್ನು, ಕಾಯಿಲೆಯವರನ್ನು ನೋಡುವುದು. ಸತ್ತವರ ಮೈ ತೊಳೆಯಲಿಕ್ಕೂ ಅವರನ್ನೇ ಕರೆಯುತ್ತಿದ್ದರು. ಆದರೆ ಗೋರಿಯ ಹತ್ತಿರ ಪ್ರಾರ್ಥನೆ ಹೇಳುವ ಹೊತ್ತಿಗೆ ಅಜ್ಜಿ ಹಿಂದೆ, ಹೆಂಗಸರ ಸಾಲಿನಲ್ಲಿ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಮೊದಲ ಬಾರಿಗೆ ಹೆಂಗಸೊಬ್ಬರಿಗೆ, ಎಲಿಜಬೆತ್ ಪಾಲ್ ಅವರಿಗೆ, ಪಾಸ್ಟರ್ ದೀಕ್ಷೆಯಾದದ್ದು 1976ರಲ್ಲಿ. ಆಗ ಅಜ್ಜಿಗೆ ವಯಸ್ಸಾಗಿತ್ತು. ನನಗೆ ದೀಕ್ಷೆಯಾದದ್ದು 2013ರಲ್ಲಿ. ಅದೇ ವರ್ಷ ಪುಷ್ಪ ಲಲಿತ ಅವರು ನಂದ್ಯಾಲದ ಬಿಷಪ್ ಆದರು, ಸಿಎಸ್‌ಐ ಸಭೆಯ ಮೊದಲ ಮಹಿಳಾ ಬಿಷಪ್. ಆ ಸುದ್ದಿ ಕೇಳಿದ ದಿನ ಅಜ್ಜಿಯನ್ನು ನೆನೆದು ತುಂಬಾ ಅತ್ತಿದ್ದೆ.

ಇವತ್ತೂ ಒಬ್ಬರು ಹಿರಿಯರು ಕೇಳಿದರು, "ಮಣ್ಣಿಗೆ ಬೇರೆ ಅಯ್ಯನವರನ್ನು ಕರೆಸುವುದಾ?" ಗಂಡಸು ಪಾಸ್ಟರನ್ನು ಕರೆಸುವ ಮಾತದು. ಹನ್ನೊಂದು ವರ್ಷವಾದರೂ ಈ ಪ್ರಶ್ನೆ ಚುಚ್ಚುತ್ತದೆ. ನಾನು ಉತ್ತರ ಕೊಡುವ ಮೊದಲೇ ತೀರಿಕೊಂಡ ಅಜ್ಜಿಯ ಮಗಳು, "ಬೇಡ, ನಮ್ಮ ಪಾಸ್ಟರ್ ಇದ್ದಾರೆ" ಎಂದರು.

ಗುಂಡಿಯಲ್ಲಿ ನೀರು ತುಂಬಿತ್ತು. ಹುಡುಗರು ಬಕೆಟಿನಲ್ಲಿ ಎತ್ತಿ ಚೆಲ್ಲಿದಷ್ಟೂ ಒಸರುತ್ತಿತ್ತು. ಪೆಟ್ಟಿಗೆ ಇಳಿಸಿದರು. ಮಳೆಯ ಸದ್ದಿಗಿಂತ ಜೋರಾಗಿ ಪ್ರಾರ್ಥನೆ ಹೇಳಿದೆ. ಮೂರು ಹಿಡಿ ಮಣ್ಣು ಹಾಕಿದೆ. ಬೆಳಿಗ್ಗೆ ಅಜ್ಜಿಯ ಮೈ ತೊಳೆದ ಕೈ ಅದೇ.

ಇವತ್ತು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ದಿನ. ಯೇಸುವಿನ ದೇಹಕ್ಕೆ ಹಚ್ಚಲು ಸಮಾಧಿಗೆ ಸುಗಂಧದ್ರವ್ಯ ತಂದವರೂ ಹೆಂಗಸರೇ. ಪೇತ್ರನೂ ಇನ್ನೊಬ್ಬ ಶಿಷ್ಯನೂ ಬರಿದಾದ ಸಮಾಧಿ ನೋಡಿ ಮನೆಗೆ ಹೋದರು. ಮರಿಯಳು ಅಳುತ್ತಾ ಅಲ್ಲೇ ನಿಂತಳು. ಸತ್ತಿದ್ದ ಯೇಸು ಎದ್ದುಬಂದು ಅವಳನ್ನು ಹೆಸರು ಹಿಡಿದು ಕರೆದದ್ದು ಆಗ. ಹೋಗಿ ಉಳಿದವರಿಗೆ ಹೇಳು ಎಂದು ಕಳಿಸಿದ್ದೂ ಅವಳನ್ನೇ. ಈ ಭಾಗವನ್ನು ಎಷ್ಟು ಸಲ ಓದಿ ಪ್ರಸಂಗ ಮಾಡಿದ್ದೇನೋ. ಇವತ್ತು ಒದ್ದೆ ಮಣ್ಣಿನಲ್ಲಿ ನಿಂತಾಗ ಅದು ನನ್ನ ಒಳಗೆ ಇಳಿಯಿತು.

ಆ ಮಗಳು ಈಗ ಮನೆಯಲ್ಲಿ ಒಬ್ಬರೇ. ರಾತ್ರಿ ಗಂಜಿ ಕುಡಿದರೋ ಇಲ್ಲವೋ. ನಾಳೆ ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಬೇಕು.