ಬೋರ್ಡಿನಿಂದ ನಾನು ಅಳಿಸಿದ ಪದ

ನ್ಯೂಯಾರ್ಕಿನಲ್ಲಿ ಅಂಗಡಿ, ಹೋಟೆಲ್‌ಗಳಿಗೆ ಬೋರ್ಡ್ ಡಿಸೈನ್ ಮಾಡುವುದು ನನ್ನ ಕೆಲಸ. ಒಂದು ಸಲ ಹಳೇ ಲೆಸ್ಬಿಯನ್ ಬಾರ್‌ನವರು ಕರೆದರು. ಶುರುವಾಗಿ 30 ವರ್ಷ ದಾಟಿತ್ತು. ಈಗ ಅಲ್ಲಿಗೆ ಟ್ರಾನ್ಸ್ ಹುಡುಗರು, ಅಂದರೆ ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ಈಗ ಗಂಡಾಗಿ ಬದುಕುವವರು ಬರುತ್ತಾರೆ, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವವರು ಬರುತ್ತಾರೆ. ಎಷ್ಟೋ ಜನ 'ಲೆಸ್ಬಿಯನ್ ಬಾರ್' ಅನ್ನುವ ಬೋರ್ಡ್ ಓದಿ ಬಾಗಿಲಲ್ಲೇ ನಿಂತು, "ನಾನು ಒಳಗೆ ಬರಬಹುದಾ?" ಅಂತ ಕೇಳುತ್ತಾರಂತೆ.

ಸುಲಭದ ಕೆಲಸ ಅಂದುಕೊಂಡೆ. 'ಲೆಸ್ಬಿಯನ್' ತೆಗೆದು 'ಎಲ್ಲರಿಗೂ ಸ್ವಾಗತ' ಅಂತ ಹಾಕಿ, ಪ್ರಿಂಟ್ ಹಿಡಿದುಕೊಂಡು ಹೋದೆ.

ಕೌಂಟರ್ ಹಿಂದೆ 60 ದಾಟಿದ ಹೆಂಗಸೊಬ್ಬರು ಲೋಟ ಒರೆಸುತ್ತಿದ್ದರು. ಮೊದಲ ದಿನದಿಂದ ಅಲ್ಲೇ ಕೆಲಸ ಮಾಡಿದವರು. ಪ್ರಿಂಟ್ ನೋಡಿದರು. ಕೈ ಒದ್ದೆ ಇತ್ತು, ಮೊಣಕೈಯಿಂದಲೇ ಅದನ್ನು ನನ್ನ ಕಡೆ ಸರಿಸಿದರು.

"ಇದನ್ನ ಈ ಬೀದಿಯ ಯಾವ ಬಾರ್‌ಗೆ ಬೇಕಾದರೂ ಹಾಕಬಹುದಮ್ಮ. ನಮ್ಮದು ಅಂತ ಹೇಗೆ ಗೊತ್ತಾಗಬೇಕು?"

ಏನೂ ಓದಿಕೊಳ್ಳದೆ ಹೋಗಿದ್ದೆ, ಅದು ನನ್ನದೇ ತಪ್ಪು. ಆ ರಾತ್ರಿ ಕೂತು ಓದಿದೆ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಿಕಿ ಸ್ಟ್ರೈಕರ್ ಅನ್ನುವವರು 'ಮಾಡ್ಸ್' ಬಾರ್ ತೆರೆದರು. ಹೆಂಗಸರನ್ನು ಬಾರ್‌ಟೆಂಡರ್ ಕೆಲಸಕ್ಕೆ ಇಟ್ಟುಕೊಳ್ಳಲು ಆಗ ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತಿರಲಿಲ್ಲ. 1971ರಲ್ಲಿ ಕೋರ್ಟು ಅದನ್ನು ರದ್ದು ಮಾಡುವ ತನಕ, ಹೆಂಗಸರಿಗಾಗಿ ಹೆಂಗಸು ತೆರೆದ ಬಾರ್‌ನಲ್ಲಿ ಆ ಕೆಲಸಕ್ಕೆ ಗಂಡಸರನ್ನೇ ಇಟ್ಟುಕೊಳ್ಳಬೇಕಾಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಲೆಸ್ಬಿಯನ್ ಬಾರ್‌ಗಳು ಸುಮಾರು 200 ಇದ್ದವು. 2020ರ ಹೊತ್ತಿಗೆ 25 ಕೂಡ ಉಳಿದಿರಲಿಲ್ಲ. ಅಷ್ಟು ಕಷ್ಟದಲ್ಲಿ ಉಳಿಸಿಕೊಂಡ ಪದವನ್ನು ನಾನು ಒಂದು ಕೀ ಒತ್ತಿ ಅಳಿಸಿದ್ದೆ.

ನ್ಯೂಯಾರ್ಕಿನಲ್ಲೇ 1991ರಿಂದ ನಡೆಯುತ್ತಿರುವ ಹೆನ್ರಿಯೆಟಾ ಹಡ್ಸನ್ ಅನ್ನುವ ಬಾರ್ ತನ್ನನ್ನು 'ಲೆಸ್ಬಿಯನ್ನರು ಕಟ್ಟಿದ ಕ್ವಿಯರ್ ಬಾರ್' ಅಂತ ಕರೆದುಕೊಂಡಿದೆ. 'ಕ್ವಿಯರ್' ಅಂದರೆ ಲೆಸ್ಬಿಯನ್, ಗೇ, ಟ್ರಾನ್ಸ್ ಎಲ್ಲರನ್ನೂ ಸೇರಿಸಿ ಹೇಳುವ ಪದ. ಆ ಸಾಲಿನಲ್ಲಿ ನನಗೆ ದಾರಿ ಸಿಕ್ಕಿತು. ಹಳೇ ಬೋರ್ಡಿನಲ್ಲಿ ಒಂದೇ ಪದ ಎರಡು ವಿಷಯ ಹೇಳುತ್ತಿತ್ತು. ಕಟ್ಟಿದವರು ಯಾರು, ಬರಬಹುದಾದವರು ಯಾರು. ಬದಲಾಗಿದ್ದು ಎರಡನೆಯದು ಮಾತ್ರ, ಅಲ್ವಾ? ಕರ್ನಾಟಕದಲ್ಲಿ ಮಿಲಿಟರಿ ಹೋಟೆಲ್ ಬೋರ್ಡ್ ನೋಡಿ ಸೈನಿಕರಿಗೆ ಮಾತ್ರ ಅಂತ ಯಾರೂ ವಾಪಸ್ ಹೋಗಲ್ಲ, ಯಾಕೆಂದರೆ ಊರಿಗೆಲ್ಲ ಗೊತ್ತು. ಇಲ್ಲಿಗೆ ಬರುವ 22ರ ಹುಡುಗನಿಗೆ ಗೊತ್ತಿರಲ್ಲ. ಅವನಿಗೆ ಬರೆದೇ ಹೇಳಬೇಕು.

ಎರಡನೇ ಡಿಸೈನ್‌ನಲ್ಲಿ ಬಾರ್ ಹೆಸರಿನ ಕೆಳಗೆ 'ಕ್ವಿಯರ್ ಬಾರ್, ಎಲ್ಲ ಲಿಂಗದವರಿಗೂ' ಅಂತ ಹಾಕಿದೆ. ಅದರ ಕೆಳಗೆ 'ಲೆಸ್ಬಿಯನ್ನರು ಕಟ್ಟಿದ್ದು' ಅಂತ, ಶುರುವಾದ ವರ್ಷದ ಜೊತೆ. 'ಕ್ವಿಯರ್' ಅನ್ನುವುದು ಕೆಲವು ಹಳೇ ಗಿರಾಕಿಗಳಿಗೆ ಇಷ್ಟವಾಗಲಿಲ್ಲ. ಚಿಕ್ಕಂದಿನಲ್ಲಿ ಅದೇ ಪದದಿಂದ ಬೈಸಿಕೊಂಡವರು ಅವರು. ಆ ನೋವು ಯಾವ ಡಿಸೈನ್‌ಗೂ ಹೋಗುವಂಥದ್ದಲ್ಲ.

ಕೌಂಟರಿನವರು ಈ ಸಲ ಕೈ ಒರೆಸಿಕೊಂಡು ಪ್ರಿಂಟ್ ಎತ್ತಿಕೊಂಡರು.

"ಕೊನೇ ಸಾಲು ಎಷ್ಟು ಎತ್ತರ?"

"ಎರಡು ಇಂಚು."

ಪ್ರಿಂಟನ್ನು ಬಾಗಿಲ ಮೇಲೆ ಟೇಪ್ ಹಾಕಿ ಅಂಟಿಸಿದರು. ಇಬ್ಬರೂ ರಸ್ತೆ ದಾಟಿ ಆಚೆ ಬದಿಗೆ ನಿಂತು ನೋಡಿದೆವು. ಕೊನೇ ಸಾಲು ಓದಲು ಆಗಲಿಲ್ಲ.

ಆಫೀಸಿಗೆ ಬಂದು ನಾಲ್ಕು ಇಂಚು ಮಾಡಿದೆ.